ಕ್ಷ-ಕಿರಣಕ್ಕೆ ಬಣ್ಣ ಬಂದ ಬಗೆ

ಮೂತ್ರಪಿಂಡದಲ್ಲಿ ಕಲ್ಲು ಬೆಳೆದ ಇಬ್ಬರು ರೋಗಿಗಳು ಒಂದೇ ದಿನ ಒಂದೇ ಆಸ್ಪತ್ರೆಗೆ ಬಂದರೆಂದು ಭಾವಿಸೋಣ. ಇಬ್ಬರಿಗೂ ಬೆನ್ನಿನ ಕೆಳಭಾಗದಿಂದ ಹೊಟ್ಟೆಯ ಕಡೆಗೆ ಹರಿದು ಬರುವ ಅದೇ ತಾಳಲಾರದ ನೋವು. ಇಬ್ಬರ ಕಲ್ಲೂ ಕಡಲೆಕಾಳಿನ ಗಾತ್ರದ್ದು. ಆದರೆ ಒಬ್ಬರ ಕಲ್ಲು ಕ್ಯಾಲ್ಸಿಯಂ ಎಂಬ ಸುಣ್ಣದ ಅಂಶದಿಂದ ಗಟ್ಟಿಯಾದದ್ದು. ಮತ್ತೊಬ್ಬರದು ಯೂರಿಕ್ ಆಮ್ಲ ಹೆಪ್ಪುಗಟ್ಟಿ ಆದದ್ದು. ಈ ಎರಡನೆಯ ಬಗೆಯ ಕಲ್ಲನ್ನು, ಮೂತ್ರದ ಹುಳಿಯನ್ನು ತಗ್ಗಿಸುವ ಔಷಧಿ ಕೊಟ್ಟು ಎಷ್ಟೋ ವೇಳೆ ಕರಗಿಸಿಬಿಡಬಹುದು. ಮೊದಲನೆಯದು ಆ ಔಷಧಿಗೆ ಜಗ್ಗುವುದಿಲ್ಲ. ಅದು ತಾನಾಗಿ ಹೊರಬೀಳಲೆಂದು ಕಾಯಬೇಕು, ಇಲ್ಲವೆ ಒಡೆದು ತೆಗೆಯಬೇಕು.

ಕಲ್ಲು ಯಾವ ಬಗೆಯದೆಂದು ಮೊದಲೇ ಗೊತ್ತಾಗುವುದಾದರೆ ಒಬ್ಬ ರೋಗಿಯು ಶಸ್ತ್ರಕ್ರಿಯೆಯಿಂದ ಪಾರಾಗಬಹುದು. ಆದರೆ ಸಾಮಾನ್ಯವಾದ ಕ್ಷ-ಕಿರಣ ಚಿತ್ರವು ಈ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಲಾರದು. ಸುಣ್ಣದ ಕಲ್ಲು ಅದರಲ್ಲಿ ಬಿಳಿಯ ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಯೂರಿಕ್ ಆಮ್ಲದ ಕಲ್ಲು ಬಹುಮಟ್ಟಿಗೆ ಕಾಣುವುದೇ ಇಲ್ಲ. ದೇಹವನ್ನು ಪದರಪದರವಾಗಿ ತೋರಿಸುವ ಸಿ.ಟಿ. ಯಂತ್ರದಲ್ಲಿ ಎರಡೂ ಕಾಣುತ್ತವೆ, ಆದರೆ ಎರಡೂ ಬೆಳ್ಳಗೆ. ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಅದು ಏನು ಎಂಬುದು ಊಹೆಗೆ ಉಳಿಯುತ್ತದೆ.

ಅದೇ ಚಿತ್ರದಲ್ಲಿ ಒಂದು ಕಲ್ಲು ನೀಲಿಯಾಗಿಯೂ ಮತ್ತೊಂದು ಕೆಂಪಾಗಿಯೂ ಕಾಣುವಂತಾದರೆ ಊಹೆಯ ಅಗತ್ಯವಿಲ್ಲ. ಇದು ಇಂದು ಬರಿಯ ಕನಸಾಗಿ ಉಳಿದಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಕಪ್ಪುಬಿಳುಪಿನ ನೆರಳಾಗಿಯೇ ಇದ್ದ ಕ್ಷ-ಕಿರಣ ಚಿತ್ರವು ಈಗ ಬಣ್ಣವನ್ನು ಪಡೆಯುತ್ತಿದೆ. ಆ ಬಣ್ಣದ ಹಿಂದಿರುವುದು ಕ್ಷ-ಕಿರಣ ತಗುಲಿದೊಡನೆ ಮಿನುಗುವ ಕೆಲವು ವಿಚಿತ್ರ ಹರಳುಗಳ ಕಥೆ.

ಹೊಳೆದ ಪರದೆ

ಈ ಕಥೆ ಆರಂಭವಾದದ್ದೇ ಅಂಥ ಒಂದು ಮಿನುಗಿನಿಂದ. ೧೮೯೫ರ ನವೆಂಬರ್ ೮ರಂದು ಜರ್ಮನಿಯ ವೂರ್ಟ್ಸ್‌ಬರ್ಗ್ ನಗರದಲ್ಲಿ ಪ್ರೊಫೆಸರ್ ವಿಲ್ಹೆಲ್ಮ್ ರಾಂಟ್‌ಜೆನ್ ತನ್ನ ಪ್ರಯೋಗಶಾಲೆಯನ್ನು ಕತ್ತಲು ಮಾಡಿಕೊಂಡು, ಗಾಳಿ ತೆಗೆದ ಗಾಜಿನ ಕೊಳವೆಯೊಂದರಲ್ಲಿ ವಿದ್ಯುತ್ತನ್ನು ಹರಿಸುತ್ತಿದ್ದನು. ಕೊಳವೆಯ ಸುತ್ತ ಕಪ್ಪು ರಟ್ಟನ್ನು ಮುಚ್ಚಿದ್ದಿತು. ಬೆಳಕಿನ ಒಂದು ಎಳೆಯೂ ಹೊರಬರುವಂತಿರಲಿಲ್ಲ. ಆದರೂ ದೂರದಲ್ಲಿದ್ದ, ಬೇರಿಯಂ ಪ್ಲಾಟಿನೊಸಯನೈಡ್ ಎಂಬ ಲವಣವನ್ನು ಬಳಿದ ಕಾಗದದ ಪರದೆಯು ಹೊಳೆಯತೊಡಗಿತು. ಕಣ್ಣಿಗೆ ಕಾಣದ ಯಾವುದೋ ಕಿರಣ ರಟ್ಟನ್ನು ದಾಟಿ ಬಂದು ಆ ಲವಣವನ್ನು ಮಿನುಗಿಸುತ್ತಿತ್ತು.

ಅದರ ಸ್ವರೂಪವೇನೆಂದು ತಿಳಿಯದ ಕಾರಣ, ಬೀಜಗಣಿತದಲ್ಲಿ ಗೊತ್ತಿಲ್ಲದ ಮೊತ್ತಕ್ಕೆ ಕೊಡುವ ‘ಎಕ್ಸ್’ ಎಂಬ ಹೆಸರನ್ನೇ ರಾಂಟ್‌ಜೆನ್ ಅದಕ್ಕೆ ಕೊಟ್ಟನು. ಕನ್ನಡದಲ್ಲಿ ಅದು ‘ಕ್ಷ’ ಆಯಿತು. ಆ ವರ್ಷದ ಡಿಸೆಂಬರ್ ೨೨ರಂದು ಅವನು ತನ್ನ ಪತ್ನಿಯ ಕೈಯನ್ನು ಛಾಯಾಚಿತ್ರದ ಫಲಕದ ಮೇಲಿರಿಸಿ ಚಿತ್ರ ತೆಗೆದನು. ಬೆರಳಿನ ಎಲುಬುಗಳೂ ಉಂಗುರವೂ ಅದರಲ್ಲಿ ಸ್ಪಷ್ಟವಾಗಿ ಮೂಡಿದ್ದವು. ೧೯೦೧ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ರಾಂಟ್‌ಜೆನ್ನನಿಗೆ ಸಂದಿತು. ತನ್ನ ಶೋಧಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ. ಅದು ಎಲ್ಲರಿಗೂ ಸೇರಿದ್ದೆಂದು ಬಿಟ್ಟುಕೊಟ್ಟನು.

ಆ ಮೊದಲ ದಿನಗಳಲ್ಲಿ ಚಿತ್ರ ತೆಗೆಯುವುದು ಸುಲಭವಾಗಿರಲಿಲ್ಲ. ಫಲಕದ ಮೇಲೆ ಕ್ಷ-ಕಿರಣವು ನೇರವಾಗಿ ಬಿದ್ದರೆ ಅದರಲ್ಲಿ ಹೆಚ್ಚು ಪಾಲು ನಾಟದೆ ಹಾಗೆಯೇ ಹಾದುಹೋಗುತ್ತದೆ. ಆದುದರಿಂದ ಒಂದು ಚಿತ್ರಕ್ಕೆ ಬಹಳ ಹೊತ್ತು ಬೇಕಾಗುತ್ತಿತ್ತು. ೧೮೯೬ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿದ್ಯಾಲಯದ ಮೈಕೇಲ್ ಪ್ಯೂಪಿನ್ ಎಂಬ ವಿಜ್ಞಾನಿಯ ಬಳಿಗೆ, ಬೇಟೆಯ ಬಂದೂಕಿನ ಸಣ್ಣ ಗುಂಡುಗಳು ಕೈಯಲ್ಲೆಲ್ಲ ಹೊಕ್ಕಿದ್ದ ವಕೀಲರೊಬ್ಬರನ್ನು ಕರೆತಂದರು. ನೋವಿನಿಂದ ಬಳಲಿದ್ದ ಅವರು ಕೈಯನ್ನು ಅಷ್ಟು ಹೊತ್ತು ಅಲುಗಿಸದೆ ಇರಿಸಲಾರದವರಾಗಿದ್ದರು. ಪ್ಯೂಪಿನ್ ಒಂದು ಉಪಾಯ ಹೂಡಿದನು. ಥಾಮಸ್ ಎಡಿಸನ್ ತನಗೆ ಕಳುಹಿಸಿಕೊಟ್ಟಿದ್ದ ಹೊಳೆಯುವ ಪರದೆಯನ್ನು ಛಾಯಾಚಿತ್ರದ ಫಲಕಕ್ಕೆ ಒತ್ತಿ ಇಟ್ಟನು. ಕ್ಷ-ಕಿರಣವು ಪರದೆಯನ್ನು ಬೆಳಗಿಸಿತು. ಪರದೆಯ ಬೆಳಕು ಫಲಕವನ್ನು ಬೆಳಗಿಸಿತು. ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಸಿದ್ಧವಾಯಿತು. ಒಂದೊಂದು ಗುಂಡೂ ಎಲ್ಲಿದೆಯೆಂದು ನೋಡಿಕೊಂಡು ಶಸ್ತ್ರವೈದ್ಯರು ಅವನ್ನು ಹೊರತೆಗೆದರು.

ಕ್ಷ-ಕಿರಣವನ್ನು ಮೊದಲು ಕಣ್ಣಿಗೆ ಕಾಣುವ ಬೆಳಕಾಗಿ ಮಾರ್ಪಡಿಸಿ, ಆ ಬೆಳಕಿನಿಂದ ಚಿತ್ರ ತೆಗೆಯುವ ಈ ಉಪಾಯವೇ ಇಂದಿಗೂ ಬಹುಪಾಲು ಆಸ್ಪತ್ರೆಗಳ ಯಂತ್ರಗಳಲ್ಲಿ ನಡೆಯುತ್ತಿದೆ. ಹೀಗೆ ಮಿನುಗುವ ಪದಾರ್ಥಕ್ಕೆ ವಿಜ್ಞಾನಿಗಳು ‘ಸಿಂಟಿಲೇಟರ್’ ಎನ್ನುತ್ತಾರೆ.

ತೆತ್ತ ಬೆಲೆ

ಎಡಿಸನ್ನನು ತನ್ನ ಸ್ವಭಾವಕ್ಕೆ ತಕ್ಕಂತೆ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಲ್ಲಕ್ಕಿಂತ ಚೆನ್ನಾಗಿ ಹೊಳೆಯುವುದು ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಎಂದು ೧೮೯೬ರಲ್ಲಿ ಕಂಡುಕೊಂಡನು. ಮುಂದೆ ಸುಮಾರು ಮುಕ್ಕಾಲು ಶತಮಾನ ವೈದ್ಯರು ಬಳಸಿದ್ದು ಆ ಪದಾರ್ಥವನ್ನೇ. ಆದರೆ ಈ ಪ್ರಯೋಗಗಳಲ್ಲಿ ಎಡಿಸನ್ನನಿಗೆ ನೆರವಾಗಿದ್ದ ಕ್ಲಾರೆನ್ಸ್ ಡ್ಯಾಲಿ ಎಂಬ ಸಹಾಯಕನು ದಿನದಿನವೂ ತನ್ನ ಕೈಗಳನ್ನೇ ಕಿರಣಕ್ಕೆ ಒಡ್ಡಿ ಪರದೆಯನ್ನು ಪರೀಕ್ಷಿಸುತ್ತಿದ್ದನು. ಕೈಗಳ ಮೇಲೆ ಹುಣ್ಣುಗಳೆದ್ದವು, ಹುಣ್ಣು ಏಡಿಗಂತಿಯಾಯಿತು. ಎರಡು ತೋಳುಗಳನ್ನೂ ಕತ್ತರಿಸಬೇಕಾಯಿತು. ೧೯೦೪ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು. ಎಡಿಸನ್ನನು ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟನು. ಇದೇ ರೀತಿ ಪ್ರಾಣ ತೆತ್ತ ವೈದ್ಯರ, ವಿಜ್ಞಾನಿಗಳ, ದಾದಿಯರ ನೆನಪಿಗಾಗಿ ೧೯೩೬ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಸ್ಮಾರಕವೊಂದನ್ನು ನಿಲ್ಲಿಸಲಾಯಿತು. ಮೊದಲ ದಿನವೇ ಅದರಲ್ಲಿ ೧೬೯ ಹೆಸರುಗಳಿದ್ದವು.

ಅಂದಿನಿಂದ ಹೊಸ ಮಿನುಗು-ಪದಾರ್ಥಗಳ ಹುಡುಕಾಟಕ್ಕೆ ಎರಡು ಗುರಿಗಳುಂಟಾದವು: ಚಿತ್ರ ಸ್ಪಷ್ಟವಾಗಬೇಕು, ರೋಗಿಯ ದೇಹವನ್ನು ಹೊಗುವ ಕಿರಣ ಕಡಿಮೆಯಾಗಬೇಕು. ೧೯೪೮ರಲ್ಲಿ ಅಮೆರಿಕದ ರಾಬರ್ಟ್ ಹಾಫ್‌ಸ್ಟಾಡ್ಟರ್ ಎಂಬ ವಿಜ್ಞಾನಿ ಸೋಡಿಯಂ ಅಯೊಡೈಡಿನ ಹರಳಿಗೆ ಥ್ಯಾಲಿಯಂ ಲೋಹವನ್ನು ಎಳ್ಳಷ್ಟು ಬೆರೆಸಿದರೆ ಅದು ಬಹು ಚೆನ್ನಾಗಿ ಮಿನುಗುತ್ತದೆಂದು ತೋರಿಸಿದನು. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ತನ್ನ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿದಾಗ ಕಿರಣವನ್ನು ಹಿಡಿದದ್ದು ಅದೇ ಬಗೆಯ ಹರಳು. ೧೯೭೦ರ ದಶಕದಲ್ಲಿ ಗ್ಯಾಡೊಲಿನಿಯಂ, ಲ್ಯಾಂಥನಂ ಮೊದಲಾದ ವಿರಳ ಧಾತುಗಳ ಪರದೆಗಳು ಬಂದು ಕ್ಯಾಲ್ಸಿಯಂ ಟಂಗ್‌ಸ್ಟೇಟನ್ನು ಬದಿಗೆ ಸರಿಸಿದವು. ಅವು ಹೆಚ್ಚು ಬೆಳಕು ಕೊಡುತ್ತಿದ್ದುದರಿಂದ ರೋಗಿಗೆ ತಗಲುವ ಕಿರಣದ ಪ್ರಮಾಣ ಬಹಳ ಇಳಿಯಿತು. ಇಷ್ಟೆಲ್ಲ ಆದರೂ ಚಿತ್ರ ಮಾತ್ರ ಬೂದುಬಣ್ಣದ್ದಾಗಿಯೇ ಉಳಿಯಿತು.

ಹುಂಡಿಯ ಲೆಕ್ಕ

ಬಣ್ಣವೇಕೆ ಬರಲಿಲ್ಲ? ಇದಕ್ಕೆ ಉತ್ತರ ಹರಳಿನೊಳಗೆ ನಡೆಯುವ ವ್ಯಾಪಾರದಲ್ಲಿದೆ. ಕ್ಷ-ಕಿರಣವೂ ಬೆಳಕಿನಂತೆಯೇ ಸಣ್ಣ ಸಣ್ಣ ಕಣಗಳಾಗಿ ಬರುತ್ತದೆ. ಈ ಕಣಗಳಿಗೆ ಫೋಟಾನುಗಳೆಂದು ಹೆಸರು. ಆದರೆ ಕ್ಷ-ಕಿರಣದ ಒಂದು ಫೋಟಾನು ಹಸುರು ಬೆಳಕಿನ ಒಂದು ಫೋಟಾನಿಗಿಂತ ಹತ್ತಾರು ಸಾವಿರ ಪಾಲು ಹೆಚ್ಚು ಶಕ್ತಿಯುಳ್ಳದ್ದು. ಅದು ಹರಳಿನ ಒಂದು ಪರಮಾಣುವಿಗೆ ಬಡಿದಾಗ ಎಲೆಕ್ಟ್ರಾನೊಂದನ್ನು ಕಿತ್ತೆಸೆಯುತ್ತದೆ. ಆ ಎಲೆಕ್ಟ್ರಾನು ಓಡುತ್ತ ದಾರಿಯಲ್ಲಿ ಇನ್ನಷ್ಟು ಎಲೆಕ್ಟ್ರಾನುಗಳನ್ನು ಕದಲಿಸುತ್ತದೆ. ಹೀಗೆ ಕದಲಿದವು, ಹರಳಿನಲ್ಲಿ ಅಲ್ಲಲ್ಲಿ ಬೆರೆಸಿರುವ ಥ್ಯಾಲಿಯಮ್ಮಿನಂಥ ಪರಮಾಣುಗಳ ಬಳಿಗೆ ಬಂದು ತಮ್ಮ ಶಕ್ತಿಯನ್ನು ಕಾಣುವ ಬೆಳಕಾಗಿ ಬಿಟ್ಟುಕೊಡುತ್ತವೆ. ಸೀಸಿಯಂ ಅಯೊಡೈಡಿನ ಒಳ್ಳೆಯ ಹರಳಿನಲ್ಲಿ, ಆಸ್ಪತ್ರೆಯಲ್ಲಿ ಬಳಸುವ ಕ್ಷ-ಕಿರಣದ ಒಂದೇ ಫೋಟಾನು ಸುಮಾರು ಮೂರು ಸಾವಿರ ಬೆಳಕಿನ ಫೋಟಾನುಗಳನ್ನು ಹೊಮ್ಮಿಸಬಲ್ಲದು.

ಶಕ್ತಿ ಹೆಚ್ಚಿದ್ದ ಫೋಟಾನು ಹೆಚ್ಚು ಬೆಳಕನ್ನು ಕೊಡುತ್ತದೆ, ಕಡಿಮೆಯಿದ್ದದ್ದು ಕಡಿಮೆ ಕೊಡುತ್ತದೆ. ಆದರೆ ಯಂತ್ರವು ಈ ಬೆಳಕನ್ನೆಲ್ಲ ಒಟ್ಟುಗೂಡಿಸಿ ಮೊತ್ತವನ್ನು ಮಾತ್ರ ಅಳೆಯುತ್ತದೆ. ದೇವಸ್ಥಾನದ ಹುಂಡಿಯನ್ನು ತೆರೆದು ಎಣಿಸಿದಂತೆ ಇದು. ಸಂಜೆಗೆ ಐನೂರು ರೂಪಾಯಿ ಬಿದ್ದಿದೆಯೆಂದು ಗೊತ್ತಾಗುತ್ತದೆ. ಐದು ಮಂದಿ ನೂರು ನೂರು ಹಾಕಿದರೋ, ಐನೂರು ಮಂದಿ ಒಂದೊಂದು ಹಾಕಿದರೋ ಮೊತ್ತದಿಂದ ತಿಳಿಯುವಂತಿಲ್ಲ. ಕ್ಷ-ಕಿರಣ ಚಿತ್ರದ ಬೂದುಬಣ್ಣ ಇಂಥ ಮೊತ್ತವೇ. ದಪ್ಪನಾದ ಮಾಂಸವೂ ತೆಳುವಾದ ಎಲುಬೂ ಒಂದೇ ಮೊತ್ತದ ನೆರಳನ್ನು ಕೊಟ್ಟರೆ ಚಿತ್ರದಲ್ಲಿ ಅವೆರಡೂ ಒಂದೇ.

ಕಾಣದ ಬಣ್ಣಗಳು

ಕಾಣುವ ಬೆಳಕಿನಲ್ಲಿ ಕೆಂಪಿಗೂ ನೀಲಿಗೂ ಇರುವ ವ್ಯತ್ಯಾಸ ಫೋಟಾನಿನ ಶಕ್ತಿಯ ವ್ಯತ್ಯಾಸವಷ್ಟೆ. ಆ ಅರ್ಥದಲ್ಲಿ ಕ್ಷ-ಕಿರಣಕ್ಕೂ ಬಣ್ಣಗಳುಂಟು. ಅದನ್ನು ನೋಡುವ ಕಣ್ಣು ಮನುಷ್ಯನಿಗಿಲ್ಲ. ಪ್ರತಿಯೊಂದು ಧಾತುವೂ ತನ್ನದೇ ಆದ ಕ್ಷ-ಕಿರಣವನ್ನು ಹೊರಸೂಸಬಲ್ಲದೆಂದು ತೋರಿಸಿಕೊಟ್ಟ ಬ್ರಿಟನ್ನಿನ ಚಾರ್ಲ್ಸ್ ಬಾರ್ಕ್ಲಾ ೧೯೧೭ರ ನೊಬೆಲ್ ಬಹುಮಾನ ಪಡೆದನು. ಆ ಕಿರಣಗಳಿಗೂ ಪರಮಾಣು ಸಂಖ್ಯೆಗೂ ಇರುವ ಸಂಬಂಧವನ್ನು ೧೯೧೩ರಲ್ಲಿ ಕಂಡುಹಿಡಿದ ತರುಣ ಹೆನ್ರಿ ಮೋಸ್ಲಿ, ಎರಡು ವರ್ಷಗಳ ತರುವಾಯ ಗ್ಯಾಲಿಪೊಲಿಯ ಯುದ್ಧರಂಗದಲ್ಲಿ ಇಪ್ಪತ್ತೇಳನೆಯ ವಯಸ್ಸಿಗೇ ಮಡಿದನು.

ಈ ತತ್ತ್ವದ ಪ್ರಯೋಜನ ಚಂದ್ರಲೋಕದವರೆಗೂ ಹೋಗಿದೆ. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ‘ಕ್ಲಾಸ್’ ಎಂಬ ಉಪಕರಣ ೨೦೧೯ರಲ್ಲಿ ಚಂದ್ರಯಾನ-೨ರೊಡನೆ ಹೊರಟಿತು. ಸೂರ್ಯನ ಕ್ಷ-ಕಿರಣ ಬಿದ್ದಾಗ ಚಂದ್ರನ ಮಣ್ಣಿನ ಒಂದೊಂದು ಧಾತುವೂ ತನ್ನ ‘ಬಣ್ಣ’ದ ಕಿರಣವನ್ನು ಹಿಂದಿರುಗಿಸುತ್ತದೆ. ಅದನ್ನು ಓದಿಯೇ ಚಂದ್ರನ ಮೇಲೆ ಸೋಡಿಯಂ ಎಲ್ಲೆಲ್ಲಿ ಹರಡಿದೆಯೆಂಬ ನಕ್ಷೆಯನ್ನು ೨೦೨೨ರಲ್ಲಿ ಮೊದಲ ಬಾರಿಗೆ ಸಿದ್ಧಪಡಿಸಲಾಯಿತು.

ಧಾತುಗಳು ಕಿರಣವನ್ನು ಸೂಸುವಂತೆಯೇ ಹೀರಿಕೊಳ್ಳುವುದರಲ್ಲಿಯೂ ತಮ್ಮ ಗುರುತನ್ನು ಬಿಟ್ಟುಕೊಡುತ್ತವೆ. ಯೂರಿಕ್ ಆಮ್ಲದಲ್ಲಿರುವುದು ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕ ಎಂಬ ಹಗುರವಾದ ಧಾತುಗಳು. ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಮ್ಮಿನ ಪರಮಾಣು ಸಂಖ್ಯೆ ೨೦. ಶಕ್ತಿ ಕಡಿಮೆಯಾದ ಕ್ಷ-ಕಿರಣವನ್ನು ಕ್ಯಾಲ್ಸಿಯಂ ಬಹಳವಾಗಿ ತಡೆಯುತ್ತದೆ. ಶಕ್ತಿ ಹೆಚ್ಚಿದ ಕಿರಣಕ್ಕೆ ಅಷ್ಟಾಗಿ ಅಡ್ಡಬರುವುದಿಲ್ಲ. ಹಗುರ ಧಾತುಗಳಲ್ಲಿ ಈ ಏರುಪೇರು ಅಷ್ಟಿಲ್ಲ. ಆದುದರಿಂದ ಎರಡು ಬೇರೆ ಬೇರೆ ಶಕ್ತಿಯ ಕಿರಣಗಳಲ್ಲಿ ಒಂದೇ ಕಲ್ಲಿನ ನೆರಳನ್ನು ಪಡೆದು ಹೋಲಿಸಿದರೆ ಅದರ ಜಾತಿ ಹೊರಬೀಳುತ್ತದೆ. ವೈದ್ಯರು ಈ ಉಪಾಯದಿಂದ ಮೂತ್ರಪಿಂಡದ ಕಲ್ಲುಗಳನ್ನಷ್ಟೇ ಅಲ್ಲದೆ, ಗೌಟ್ ಎಂಬ ಸಂಧಿವಾತದಲ್ಲಿ ಕೀಲುಗಳೊಳಗೆ ಕೂಡಿಕೊಳ್ಳುವ ಯೂರಿಕ್ ಆಮ್ಲದ ಹರಳುಗಳನ್ನೂ ಗುರುತಿಸುತ್ತಾರೆ.

ಕೆಲವು ಧಾತುಗಳ ಗುರುತು ಇನ್ನೂ ಸ್ಪಷ್ಟ. ರಕ್ತನಾಳಗಳು ಚಿತ್ರದಲ್ಲಿ ಎದ್ದು ಕಾಣಲೆಂದು ರೋಗಿಗೆ ಚುಚ್ಚುವ ಔಷಧಿಯಲ್ಲಿ ಅಯೊಡಿನ್ ಇರುತ್ತದೆ. ಕ್ಷ-ಕಿರಣದ ಶಕ್ತಿಯು ೩೩.೨ ಸಾವಿರ ಎಲೆಕ್ಟ್ರಾನ್-ವೋಲ್ಟನ್ನು ದಾಟಿದೊಡನೆ ಅಯೊಡಿನ್ ಅದನ್ನು ಹೀರುವುದು ಒಮ್ಮೆಗೇ ಹಲವು ಪಟ್ಟು ಏರುತ್ತದೆ. ಗ್ಯಾಡೊಲಿನಿಯಮ್ಮಿಗೆ ಈ ಮೆಟ್ಟಿಲು ೫೦.೨ ಸಾವಿರದಲ್ಲಿದೆ, ಚಿನ್ನಕ್ಕೆ ೮೦.೭ ಸಾವಿರದಲ್ಲಿ. ಯಾವ ಮೆಟ್ಟಿಲಿನಲ್ಲಿ ನೆರಳು ದಟ್ಟವಾಯಿತೆಂದು ನೋಡಿದರೆ ಎದುರಿಗಿರುವುದು ಅಯೊಡಿನ್ನೋ ಚಿನ್ನವೋ ಹೇಳಬಹುದು.

ಜರಡಿಯ ಉಪಾಯ

ತತ್ತ್ವವೇನೋ ಸರಿ, ಶಕ್ತಿಯನ್ನು ಬೇರ್ಪಡಿಸುವುದು ಹೇಗೆ? ಇದರ ಒಂದು ಮಾದರಿಯನ್ನು ವಿಮಾನದಲ್ಲಿ ಪ್ರಯಾಣ ಮಾಡಿದವರೆಲ್ಲ ಕಂಡಿದ್ದಾರೆ. ನಿಲ್ದಾಣದಲ್ಲಿ ಪೆಟ್ಟಿಗೆಗಳು ಯಂತ್ರದೊಳಗೆ ಸಾಗಿದಾಗ ಕಾವಲಿನವರ ಮುಂದಿನ ತೆರೆಯಲ್ಲಿ ಕಿತ್ತಳೆ, ಹಸುರು, ನೀಲಿ ಬಣ್ಣದ ಚಿತ್ರ ಮೂಡುತ್ತದೆ. ಬಟ್ಟೆ, ಆಹಾರ, ಸಾಬೂನು ಮೊದಲಾದ ಹಗುರ ಧಾತುಗಳ ವಸ್ತುಗಳು ಕಿತ್ತಳೆ, ಕಬ್ಬಿಣ, ತಾಮ್ರಗಳಂಥ ಲೋಹಗಳು ನೀಲಿ, ನಡುವಿನವು ಹಸುರು. ಸ್ಫೋಟಕಗಳು ಬಹುಮಟ್ಟಿಗೆ ಹಗುರ ಧಾತುಗಳಿಂದಲೇ ಆದವಾದ್ದರಿಂದ ಕಿತ್ತಳೆ ಬಣ್ಣದ ಗಟ್ಟಿಯಾದ ಮುದ್ದೆಯನ್ನು ಕಂಡರೆ ಕಾವಲಿನವರು ಪೆಟ್ಟಿಗೆಯನ್ನು ತೆರೆಸಿ ನೋಡುತ್ತಾರೆ.

ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಮಿನುಗು-ಪದರಗಳು ಒಂದರ ಹಿಂದೆ ಒಂದಿರುತ್ತವೆ. ನಡುವೆ ತಾಮ್ರದ ತೆಳುವಾದ ತಗಡು. ಶಕ್ತಿ ಕಡಿಮೆಯಾದ ಫೋಟಾನುಗಳು ಮೊದಲ ಪದರದಲ್ಲೇ ನಿಂತುಬಿಡುತ್ತವೆ. ಬಲವುಳ್ಳವು ತಗಡನ್ನೂ ದಾಟಿ ಎರಡನೆಯ ಪದರವನ್ನು ಬೆಳಗಿಸುತ್ತವೆ. ಒಂದರ ಕೆಳಗೊಂದು ಜರಡಿಯಿಟ್ಟು ದಪ್ಪ ರವೆಯನ್ನೂ ಸಣ್ಣ ರವೆಯನ್ನೂ ಬೇರ್ಪಡಿಸಿದಂತೆ ಎರಡು ಮೊತ್ತಗಳು ಸಿಗುತ್ತವೆ. ಅವೆರಡನ್ನೂ ಹೋಲಿಸಿ ಗಣಕಯಂತ್ರವು ಬಣ್ಣವನ್ನು ತುಂಬುತ್ತದೆ. ೨೦೧೦ರ ದಶಕದಲ್ಲಿ ಇದೇ ಉಪಾಯದ ಸಿ.ಟಿ. ಯಂತ್ರಗಳು ಆಸ್ಪತ್ರೆಗಳಿಗೂ ಬಂದವು. ೨೦೦೬ರಷ್ಟು ಹಿಂದೆಯೇ, ಬೇರೆ ಬೇರೆ ಶಕ್ತಿಯ ಎರಡು ಕೊಳವೆಗಳನ್ನು ಒಂದೇ ಯಂತ್ರದಲ್ಲಿ ಜೋಡಿಸುವ ಇನ್ನೊಂದು ಬಗೆಯೂ ಬಳಕೆಗೆ ಬಂದಿತ್ತು.

ಈಚಿನ ಸಂಶೋಧಕರು ಜರಡಿಯ ಉಪಾಯವನ್ನು ಮತ್ತೂ ಮುಂದುವರಿಸಿದ್ದಾರೆ. ಬೇರೆ ಬೇರೆ ಬಣ್ಣದಲ್ಲಿ ಮಿನುಗುವ ಹಲವು ತೆಳುಪದರಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಸೌಮ್ಯವಾದ ಕ್ಷ-ಕಿರಣ ಮೇಲಿನ ಪದರದಲ್ಲಿ ಒಂದು ಬಣ್ಣವನ್ನು ಎಬ್ಬಿಸುತ್ತದೆ. ಪ್ರಖರವಾದದ್ದು ಕೆಳಕ್ಕಿಳಿದು ಬೇರೊಂದನ್ನು ಎಬ್ಬಿಸುತ್ತದೆ. ಆಗ ಸಾಮಾನ್ಯವಾದ ಬಣ್ಣದ ಕ್ಯಾಮೆರಾ ಒಂದೇ ಬಾರಿಗೆ ಎಲ್ಲವನ್ನೂ ಸೆರೆಹಿಡಿಯಬಲ್ಲದು. ಬೆಲೆಬಾಳುವ ಯಂತ್ರವನ್ನು ಕೊಳ್ಳಲಾರದ ಆಸ್ಪತ್ರೆಗಳಿಗೆ ಬಣ್ಣದ ಚಿತ್ರ ನಿಲುಕುವುದಾದರೆ ಅದು ಇಂಥ ಸರಳವಾದ ಮಾರ್ಗದಿಂದಲೇ ಆದೀತು.

ಒಂದೊಂದಾಗಿ ಎಣಿಸುವ ಯಂತ್ರ

ಜರಡಿಗಿಂತ ನಿಖರವಾದ ಮತ್ತೊಂದು ದಾರಿಯೂ ಇದೆ. ಹುಂಡಿಯನ್ನು ತೆಗೆದುಹಾಕಿ, ಬಂದ ಪ್ರತಿಯೊಬ್ಬರಿಗೂ ರಸೀತಿ ಬರೆದು ಕೊಟ್ಟರೆ ಹೇಗೋ ಹಾಗೆ. ಪ್ರತಿಯೊಂದು ಫೋಟಾನು ಬಂದಾಗಲೂ ಅದರ ಶಕ್ತಿ ಎಷ್ಟೆಂದು ಅಳೆದು, ಆಯಾ ಕಲಮಿನಲ್ಲಿ ಬರೆದುಕೊಳ್ಳುವ ಚಿಪ್ಪುಗಳನ್ನು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಪರಮಾಣು ಕಣಗಳ ಸಂಶೋಧನೆಯ ಸಲುವಾಗಿ ಬೆಳೆಸಲಾಯಿತು. ‘ಮೆಡಿಪಿಕ್ಸ್’ ಎಂಬ ಈ ಚಿಪ್ಪುಗಳನ್ನು ಬಳಸಿ ನ್ಯೂಜಿಲೆಂಡಿನ ಫಿಲ್ ಬಟ್ಲರ್ ಮತ್ತು ಆಂಥೊನಿ ಬಟ್ಲರ್ ಎಂಬ ತಂದೆ-ಮಕ್ಕಳು ಸುಮಾರು ಹತ್ತು ವರ್ಷ ದುಡಿದು ಬಣ್ಣದ ಸಿ.ಟಿ. ಯಂತ್ರವನ್ನು ನಿರ್ಮಿಸಿದರು. ತಂದೆ ಭೌತವಿಜ್ಞಾನಿ, ಮಗ ಕ್ಷ-ಕಿರಣ ವೈದ್ಯರು. ೨೦೧೮ರ ಜುಲೈ ತಿಂಗಳಲ್ಲಿ ಅದರಿಂದ ತೆಗೆದ ಮನುಷ್ಯದೇಹದ ಮೊದಲ ಚಿತ್ರಗಳು ಪ್ರಕಟವಾದಾಗ ಜಗತ್ತು ಬೆರಗಾಯಿತು. ಯಂತ್ರಕ್ಕೆ ಮೊದಲು ಒಡ್ಡಿಕೊಂಡವರು ತಂದೆಯೇ. ಕೈಗಡಿಯಾರ ಕಟ್ಟಿದ ಮಣಿಕಟ್ಟು ಎಲುಬು, ಮಾಂಸ, ಲೋಹ ಬೇರೆ ಬೇರೆಯಾಗಿ ಕಾಣುವಂತೆ ಮೂಡಿಬಂದಿತ್ತು. ರಾಂಟ್‌ಜೆನ್ನನ ಪತ್ನಿಯ ಕೈಯ ಚಿತ್ರದಿಂದ ಅಲ್ಲಿಗೆ ೧೨೨ ವರ್ಷಗಳು ಕಳೆದಿದ್ದವು.

೨೦೨೧ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಸೀಮೆನ್ಸ್ ಕಂಪೆನಿಯ ಇಂಥದೇ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ಅನುಮತಿ ನೀಡಿತು. ಈ ಯಂತ್ರಗಳಲ್ಲಿ ಮಿನುಗುವ ಹರಳಿಲ್ಲ. ಕ್ಯಾಡ್ಮಿಯಂ ಟೆಲ್ಯುರೈಡಿನಂಥ ಅರೆವಾಹಕ ಹರಳುಗಳು ಕ್ಷ-ಕಿರಣವನ್ನು ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತವೆ. ದೋಷವಿಲ್ಲದ ಅಂಥ ಹರಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವುದು ಕಷ್ಟ; ಆದುದರಿಂದ ಬೆಲೆಯೂ ಹೆಚ್ಚು. ಫೋಟಾನುಗಳು ಒಂದರ ಮೇಲೊಂದು ನುಗ್ಗಿ ಬಂದಾಗ ಎರಡು ಸೇರಿ ಒಂದಾಗಿ ಲೆಕ್ಕಕ್ಕೆ ಬೀಳುವ ತೊಡಕೂ ಇದೆ.

ಹೊಸ ಹರಳುಗಳು

ಮಿನುಗು-ಪದಾರ್ಥಗಳ ಮೇಲೆ ಮತ್ತೆ ಗಮನ ಹರಿದದ್ದು ಇದರಿಂದಲೇ. ಹಳೆಯ ಪದಾರ್ಥಗಳಿಗೆ ತಮ್ಮದೇ ಕುಂದುಗಳಿದ್ದವು. ಪದರ ದಪ್ಪನಾದಷ್ಟೂ ಹೆಚ್ಚು ಕಿರಣವನ್ನು ಹಿಡಿಯುತ್ತದೆ. ಆದರೆ ಒಳಗೆ ಹುಟ್ಟಿದ ಬೆಳಕು ಅತ್ತಿತ್ತ ಚೆದರಿ ಚಿತ್ರ ಮಸುಕಾಗುತ್ತದೆ. ಸೀಸಿಯಂ ಅಯೊಡೈಡನ್ನು ಸೂಜಿಗಳಂತೆ ಒತ್ತೊತ್ತಾಗಿ ಬೆಳೆಸಿ ಈ ದೋಷವನ್ನು ಬಹಳಮಟ್ಟಿಗೆ ನೀಗಿದರು. ಬೆಳಕು ಒಂದೊಂದು ಸೂಜಿಯೊಳಗೇ, ಬಿದಿರಿನ ನಳಿಗೆಯಲ್ಲಿ ನೀರಿಳಿದಂತೆ, ಕೆಳಗಿಳಿಯುತ್ತದೆ. ಆದರೆ ಆ ಹರಳಿಗೆ ಕಿರಣ ನಿಂತ ಮೇಲೂ ಕ್ಷಣಹೊತ್ತು ಹೊಳೆಯುತ್ತಲೇ ಇರುವ ದುರಭ್ಯಾಸವಿದೆ. ಫೋಟಾನುಗಳನ್ನು ಒಂದೊಂದಾಗಿ ಎಣಿಸಬೇಕಾದರೆ ಈ ನಿಧಾನ ಸಲ್ಲದು.

೧೮೩೯ರಲ್ಲಿ ರಷ್ಯದ ಯೂರಲ್ ಪರ್ವತಗಳಲ್ಲಿ ಸಿಕ್ಕ ಖನಿಜವೊಂದಕ್ಕೆ ಪೆರೊವ್‌ಸ್ಕಿ ಎಂಬ ಗಣ್ಯನ ಹೆಸರಿನಿಂದ ಪೆರೊವ್‌ಸ್ಕೈಟ್ ಎಂದು ಹೆಸರಾಯಿತು. ಅದರ ಪರಮಾಣುಗಳ ಜೋಡಣೆಯನ್ನೇ ಹೋಲುವ ಕೃತಕ ಹರಳುಗಳು ಈಗ ವಿಜ್ಞಾನಿಗಳ ಕೈಯಲ್ಲಿವೆ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಷಿಯಾವೊಗಾಂಗ್ ಲಿಯು ಮತ್ತು ಸಂಗಡಿಗರು ೨೦೧೮ರಲ್ಲಿ ಸೀಸಿಯಂ, ಸೀಸ ಮತ್ತು ಹ್ಯಾಲೊಜನ್ ಧಾತುಗಳಿಂದಾದ, ಕಣ್ಣಿಗೆ ಕಾಣದಷ್ಟು ಸಣ್ಣ ಪೆರೊವ್‌ಸ್ಕೈಟ್ ಹರಳುಗಳನ್ನು ಕ್ಷ-ಕಿರಣಕ್ಕೆ ಒಡ್ಡಿದರು. ಕ್ಲೋರಿನ್ ಹೆಚ್ಚಿದ್ದರೆ ನೇರಿಳೆ-ನೀಲಿ, ಬ್ರೋಮಿನ್ ಇದ್ದರೆ ಹಸುರು, ಅಯೊಡಿನ್ ಇದ್ದರೆ ಕೆಂಪು ಬೆಳಕು ಹೊಮ್ಮಿತು. ಒಂದೇ ಬಗೆಯ ಹರಳಿನಿಂದ, ಬೆರಕೆಯನ್ನು ಬದಲಿಸಿದಷ್ಟರಿಂದಲೇ, ಬೇಕಾದ ಬಣ್ಣ! ಮಿನುಗಿ ಆರುವುದಕ್ಕೆ ಅವಕ್ಕೆ ಸೆಕೆಂಡಿನ ನೂರು ಕೋಟಿಯಲ್ಲಿ ಹತ್ತಾರು ಪಾಲು ಹೊತ್ತು ಸಾಕು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರಮಾಣಕ್ಕಿಂತ ಸುಮಾರು ೪೦೦ ಪಾಲು ಕಡಿಮೆ ಕಿರಣವನ್ನೂ ಅವು ಗುರುತಿಸಿದವೆಂದು ಆ ತಂಡ ವರದಿ ಮಾಡಿತು. ಈ ಹರಳುಗಳನ್ನು ದ್ರವದಲ್ಲಿ ಕಲಸಿ, ಬಣ್ಣ ಬಳಿದಂತೆ ಹಾಳೆಯ ಮೇಲೆ ಬಳಿಯಲೂ ಬರುತ್ತದೆ. ದುಬಾರಿಯಾದ ಕುಲುಮೆ ಬೇಕಾಗಿಲ್ಲ.

ಪದಾರ್ಥವನ್ನು ಬದಲಿಸದೆ ಅದರ ಮೇಲ್ಮೈಯನ್ನು ಮಾತ್ರ ಬದಲಿಸುವ ಪ್ರಯತ್ನವೂ ನಡೆದಿದೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದ ಸಂಶೋಧಕರು ೨೦೨೨ರಲ್ಲಿ, ಹರಳಿನ ಮೇಲೆ ಬೆಳಕಿನ ಅಲೆಯಷ್ಟು ಸೂಕ್ಷ್ಮವಾದ ಚಿತ್ತಾರವನ್ನು ಕೊರೆದು, ಹೊರಬರುವ ಬೆಳಕನ್ನು ಹತ್ತು ಪಟ್ಟಿನವರೆಗೆ ಹೆಚ್ಚಿಸಬಹುದೆಂದು ತೋರಿಸಿದರು. ಭಾರತದಲ್ಲಿಯೂ ಮುಂಬಯಿಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಸೀಸಿಯಂ ಅಯೊಡೈಡ್ ಮತ್ತು ಗ್ಯಾಡೊಲಿನಿಯಂ ಕೂಡಿದ ಗಾರ್ನೆಟ್ ಮೊದಲಾದ ಮಿನುಗು-ಹರಳುಗಳನ್ನು ಬೆಳೆಸಲಾಗುತ್ತಿದೆ.

ಆದರೆ ಪ್ರಯೋಗಶಾಲೆಯಿಂದ ಆಸ್ಪತ್ರೆಗೆ ಇರುವ ದಾರಿ ಹತ್ತಿರದ್ದಲ್ಲ. ಪೆರೊವ್‌ಸ್ಕೈಟ್ ಹರಳುಗಳು ತೇವಕ್ಕೆ ಸುಲಭವಾಗಿ ಕೆಡುತ್ತವೆ. ತಾವು ಸೂಸಿದ ಬೆಳಕನ್ನು ಸ್ವಲ್ಪಮಟ್ಟಿಗೆ ತಾವೇ ಹೀರಿಕೊಂಡುಬಿಡುತ್ತವೆ. ಅವುಗಳಲ್ಲಿರುವ ಸೀಸ ವಿಷಪದಾರ್ಥ. ಸೀಸವಿಲ್ಲದ, ತೇವಕ್ಕೆ ಅಂಜದ ಬದಲಿ ಹರಳುಗಳಿಗಾಗಿ ಹಲವು ದೇಶಗಳಲ್ಲಿ ಹುಡುಕಾಟ ನಡೆದಿದೆ.

ಬಣ್ಣದ ಅರ್ಥ

ಬಣ್ಣದ ಕ್ಷ-ಕಿರಣ ಚಿತ್ರವನ್ನು ನೋಡುವವರು ಒಂದು ಮಾತನ್ನು ನೆನಪಿನಲ್ಲಿಡಬೇಕು. ಅದರಲ್ಲಿ ಕಾಣುವ ಕೆಂಪು ರಕ್ತದ ಕೆಂಪಲ್ಲ. ಭೂಪಟದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಬಣ್ಣ ಕೊಡುವಂತೆ, ಕ್ಯಾಲ್ಸಿಯಮ್ಮಿಗೆ ಒಂದು, ಅಯೊಡಿನ್ನಿಗೆ ಒಂದು, ಕೊಬ್ಬಿಗೆ ಒಂದೆಂದು ಗಣಕಯಂತ್ರ ಹಚ್ಚಿದ ಬಣ್ಣವದು. ಒಂದು ಯಂತ್ರದಲ್ಲಿ ನೀಲಿಯಾದ ಕಲ್ಲು ಮತ್ತೊಂದರಲ್ಲಿ ಹಸುರಾಗಿ ಕಾಣಬಹುದು. ಚಿತ್ರ ಅಂದವಾಗಿದೆಯೆಂಬ ಮಾತ್ರಕ್ಕೆ ಅದು ಸತ್ಯವೂ ಆಗಿರಬೇಕೆಂದಿಲ್ಲ. ಅಳತೆಯಲ್ಲಿ ತಪ್ಪಾದರೆ ಬಣ್ಣವೂ ತಪ್ಪುತ್ತದೆ. ಅದನ್ನು ಓದಲು ನುರಿತ ವೈದ್ಯರ ಕಣ್ಣೇ ಬೇಕು.

ಎರಡನೆಯದಾಗಿ, ಬಣ್ಣ ಬಂದ ಮಾತ್ರಕ್ಕೆ ಕಿರಣದ ಸ್ವಭಾವ ಬದಲಾಗಿಲ್ಲ. ಮಣ್ಣು, ಆಕಾಶ, ಆಹಾರಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ೨.೪ ಮಿಲಿಸೀವರ್ಟ್‌ನಷ್ಟು ವಿಕಿರಣ ಹೇಗೂ ತಗಲುತ್ತದೆ. ಎದೆಯ ಒಂದು ಕ್ಷ-ಕಿರಣ ಚಿತ್ರದಿಂದ ತಗಲುವುದು ಅದರ ಒಂದು ಸಣ್ಣ ಅಂಶ ಮಾತ್ರ. ಆದರೆ ಹೊಟ್ಟೆಯ ಒಂದು ಸಾಮಾನ್ಯ ಸಿ.ಟಿ. ಪರೀಕ್ಷೆಯಿಂದ ಹಲವು ವರ್ಷಗಳ ಪಾಲು ಒಮ್ಮೆಗೇ ಸೇರಿಬಿಡಬಹುದು. ಅಗತ್ಯವಿದ್ದಾಗ ಅಂಜಿ ಹಿಂಜರಿಯುವುದು ಎಷ್ಟು ತಪ್ಪೋ, ಅಗತ್ಯವಿಲ್ಲದೆ ‘ಒಂದು ಸ್ಕ್ಯಾನ್ ತೆಗೆದುಬಿಡಿ’ ಎಂದು ವೈದ್ಯರನ್ನು ಒತ್ತಾಯಿಸುವುದೂ ಅಷ್ಟೇ ತಪ್ಪು. ಗರ್ಭಿಣಿಯರು ತಮ್ಮ ಸ್ಥಿತಿಯನ್ನು ಮೊದಲೇ ತಿಳಿಸಬೇಕು. ಹಿಂದೆ ತೆಗೆಸಿದ ಚಿತ್ರಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಿದರೆ ಎಷ್ಟೋ ಸಲ ಹೊಸ ಚಿತ್ರದ ಅಗತ್ಯವೇ ಬೀಳುವುದಿಲ್ಲ.

ಹೊಸ ಹರಳುಗಳಿಂದ ದೊರೆಯಬಹುದಾದ ದೊಡ್ಡ ಲಾಭವೂ ಇಲ್ಲಿಯೇ ಇದೆ. ಅದೇ ಪ್ರಮಾಣದ ಕಿರಣದಿಂದ ಹೆಚ್ಚು ಸಂಗತಿ ತಿಳಿಯುವುದಾದರೆ, ಇಲ್ಲವೆ ಅಷ್ಟೇ ಸಂಗತಿಯನ್ನು ಕಡಿಮೆ ಕಿರಣದಿಂದ ತಿಳಿಯಬಹುದಾದರೆ, ರೋಗಿಯು ಮತ್ತೆ ಮತ್ತೆ ಯಂತ್ರದ ಕೆಳಗೆ ಮಲಗಬೇಕಾದ ಸಂದರ್ಭಗಳು ಕಡಿಮೆಯಾಗುತ್ತವೆ. ಕ್ಲಾರೆನ್ಸ್ ಡ್ಯಾಲಿಯ ಕಾಲದಲ್ಲಿ ಪರದೆಯ ಹೊಳಪನ್ನು ಪರೀಕ್ಷಿಸಲು ಮನುಷ್ಯನ ಕೈಯೇ ಬೇಕಾಗಿತ್ತು. ಇಂದಿನ ಹರಳುಗಳನ್ನು ಮನುಷ್ಯರಿಗೆ ಬಳಸುವ ಮೊದಲು ವರ್ಷಗಟ್ಟಲೆ ನಿರ್ಜೀವ ಮಾದರಿಗಳ ಮೇಲೆ ಅಳೆದು ನೋಡುತ್ತಾರೆ. ಪ್ರಯೋಗಶಾಲೆಯಲ್ಲಿ ಬೆರಗು ಹುಟ್ಟಿಸಿದ ಬಣ್ಣ ಊರಿನ ಆಸ್ಪತ್ರೆಯವರೆಗೆ ಬರಲು ತಡವಾಗುವುದು ಆ ಕಾರಣದಿಂದ. ಆ ತಡವನ್ನು ರೋಗಿಯ ಹಿತಕ್ಕೆಂದೇ ತಿಳಿಯಬೇಕು.